ಮುರುಗೇಶನ ದೋಣಿಯ ಹಲಗೆಗಳು

ಕಲಾ, ನಿನ್ನ ಅಪ್ಪ ನಿಮ್ಮನ್ನು ಬಿಟ್ಟು ಓಡಿಹೋಗಲಿಲ್ಲ. ಭದ್ರಾ ಹಿನ್ನೀರಿನಲ್ಲಿ ಮುಳುಗಿ ಸತ್ತ. ಈ ವಿಷಯ ನನಗೆ ಹದಿನೈದು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಹೇಳಲಿಲ್ಲ — ಮೊನ್ನೆ ನಿನ್ನ ಮದುವೆಯಲ್ಲಿ ಅವನ ಜಾಗದಲ್ಲಿ ನಿಂತು ಧಾರೆ ಎರೆದಾಗಲೂ ಹೇಳಲಿಲ್ಲ.

ಇಷ್ಟು ಬರೆಯುವುದಕ್ಕೆ ಬೆಳಿಗ್ಗೆಯಿಂದ ಕೂತಿದ್ದೇನೆ. ಇನ್ನು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಡುವೆ ಎಲ್ಲಾದರೂ ಈ ಶೇಖರಪ್ಪ ಮಾಮ ತನ್ನ ಪರ ತಾನೇ ವಕಾಲತ್ತು ಮಾಡಿಕೊಳ್ಳುತ್ತಿದ್ದಾನೆ ಅನ್ನಿಸಿದರೆ, ಆ ಸಾಲನ್ನು ಹೊಡೆದುಹಾಕಿಬಿಡು.

ಮುರುಗೇಶ ಮತ್ತು ನಾನು ಭದ್ರಾವತಿಯ ಒಂದೇ ಫೌಂಡ್ರಿಯಲ್ಲಿ ಕೆಲಸಕ್ಕಿದ್ದೆವು. ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಮಾಡಿಕೊಡುವುದು ನನ್ನ ಕೆಲಸ. ನಾನು ಮಾಡಿದ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ, ಲೋಹ ಹರಿಯಲು ಗುಳಿ ತೆಗೆಯುವುದು ಅವನ ಕೆಲಸ. ಹನ್ನೊಂದು ವರ್ಷ ಹೀಗೆ ಇದ್ದೆವು. ಆಮೇಲೆ ಗುತ್ತಿಗೆಯವರನ್ನೆಲ್ಲ ಮನೆಗೆ ಕಳಿಸಿದರು, ಅವನೂ ಹೋದ. ಅವನ ತಾತ ಸೇಲಂ ಕಡೆ ಹೊಳೆಯಲ್ಲಿ ಬಲೆ ಬೀಸುತ್ತಿದ್ದವರು. ಅದು ಕೈಯಲ್ಲಿ ಉಳಿದಿತ್ತೋ ಏನೋ, ಅವನು ಒಂದು ಹಳೆ ತೆಪ್ಪ ಹಿಡಿದುಕೊಂಡು ಹಿನ್ನೀರಿಗೆ ಇಳಿದ. ವಾರದಲ್ಲಿ ನಾಲ್ಕು ದಿನ ಅಲ್ಲೇ ದಡದ ಮೇಲಿನ ಗುಡಿಸಲಿನಲ್ಲಿ, ಉಳಿದ ದಿನ ಮನೆಯಲ್ಲಿ.

ಒಂದು ದಿನ ಓಲ್ಡ್ ಟೌನಿನ ನಮ್ಮ ಮನೆಗೆ ಬಂದ. ಹಿತ್ತಿಲಲ್ಲಿ ಒಟ್ಟಿದ್ದ ಮರಗಳನ್ನು ನೋಡುತ್ತ ನಿಂತ.

"ಶೇಖರಣ್ಣ, ಗಾಳಿ ಎದ್ರೆ ತೆಪ್ಪ ಬುಗುರಿ ಥರ ಸುತ್ತುತ್ತೆ. ನಂಗೊಂದು ಮರದ ದೋಣಿ ಮಾಡ್ಕೊಡಿ ಮಾರಾಯ್ರೇ."

"ನಂಗೆ ದೋಣಿ ಮಾಡಿ ಗೊತ್ತೇನೋ?"

"ಪಂಪಿನ ಹೊಟ್ಟೆ ಮಾಡ್ತೀರಲ್ಲ. ಇದೂ ಒಂದು ಹೊಟ್ಟೆ, ಅಷ್ಟೇ."

ಆ ದೋಣಿ ಕಟ್ಟಿದ ನಾಲ್ಕು ತಿಂಗಳು ನನ್ನ ಆಯುಷ್ಯದಲ್ಲಿ ತುಂಬ ಒಳ್ಳೆಯ ದಿನಗಳು — ಇದನ್ನು ಬರೆಯಲು ನನಗೆ ಹಕ್ಕಿಲ್ಲ, ಆದರೂ ನಿಜ. ಹೆಬ್ಬಲಸಿನ ಹಲಗೆ ತಂದೆವು. ಹೊಟ್ಟಿನ ಬೆಂಕಿಯ ಮೇಲೆ ಹಿಡಿದು, ಬಿಸಿನೀರು ಸುರಿದು, ಹಲಗೆಯನ್ನು ಇಷ್ಟಿಷ್ಟೇ ಬಗ್ಗಿಸಿದೆವು. ಸಂದಿಗೆಲ್ಲ ರಾಳ ಮತ್ತು ಎಣ್ಣೆಯಲ್ಲಿ ಅದ್ದಿದ ಹತ್ತಿ ತುಂಬಿದೆವು. ದೋಣಿಯನ್ನು ಎರಡು ಅಡ್ಡಮರಗಳ ಮೇಲೆ ಬೋರಲು ಹಾಕಿ, ನಾನು ಹೊರಗಿನಿಂದ ತಾಮ್ರದ ಮೊಳೆ ಹೊಡೆಯುತ್ತಿದ್ದೆ. ಅವನು ಒಳಗೆ ಕೂತು, ಮೊಳೆಯ ತುದಿ ಹೊರಬಂದ ಕೂಡಲೇ ಕಬ್ಬಿಣದ ತುಂಡಿನಿಂದ ಎರಡು ಸಲ ಕುಟ್ಟುತ್ತಿದ್ದ — ಟಕ್, ಟಕ್. ಬಂತು ಅಂತ. ಆಮೇಲೆ ತುದಿಯನ್ನು ಮಡಚುತ್ತಿದ್ದ. ಇಡೀ ದಿನ ನಮ್ಮ ನಡುವೆ ಅಷ್ಟೇ ಮಾತು.

ತಳದ ಒಂದು ಹಲಗೆ ಉದ್ದ ಸಾಲದೆ ಎರಡು ತುಂಡನ್ನು ಓರೆಯಾಗಿ ಕೂಡಿಸಬೇಕಾಯಿತು. ಕೂಡಿಕೆ ಸರಿಯಾಗಿ ಹೊಟ್ಟೆಯ ನಡುವೆ. ಅಲ್ಲಿಗೆ ಬರುವ ಹೊತ್ತಿಗೆ ತಾಮ್ರದ ಮೊಳೆ ಇಪ್ಪತ್ತು ಕಡಿಮೆ ಬಿತ್ತು. ಕರಾವಳಿಯಿಂದ ತರಿಸಬೇಕು, ಒಂದು ವಾರ ಹಿಡಿಯುತ್ತಿತ್ತು. ನೀರಿಗಿಳಿಸುವ ದಿನ ಆಗಲೇ ಗೊತ್ತಾಗಿತ್ತು. ನಿನ್ನ ಅಮ್ಮ ಸೆಲ್ವಿ ಸಿಹಿ ಪೊಂಗಲ್ ಮಾಡುತ್ತೇನೆಂದು ಅಕ್ಕಪಕ್ಕದವರಿಗೆಲ್ಲ ಹೇಳಿದ್ದಳು. ನಾನು ಹೇಳಿದ ದಿನಕ್ಕೆ ಕೆಲಸ ಮುಗಿಸಲಿಲ್ಲ ಅಂತ ಇಷ್ಟು ವರ್ಷದಲ್ಲಿ ಯಾರೂ ಅಂದಿರಲಿಲ್ಲ. ಅವತ್ತು ಬೆಳಿಗ್ಗೆ ಅವನು ಬರುವ ಮೊದಲೇ ನಾನೊಬ್ಬನೇ ಇಪ್ಪತ್ತು ಕಬ್ಬಿಣದ ಮೊಳೆ ಹೊಡೆದೆ. ತಲೆಗಳನ್ನು ಮರದೊಳಗೆ ಇಳಿಸಿ, ಮೇಲೆ ರಾಳ ಮೆತ್ತಿ, ಡಾಂಬರು ಬಳಿದೆ. ಆ ಇಪ್ಪತ್ತು ಮೊಳೆಗೆ ಒಳಗಿನಿಂದ ಯಾರೂ ಕುಟ್ಟಲಿಲ್ಲ.

ಹಸಿ ಮರದಲ್ಲಿ, ನೀರಿನಲ್ಲಿ ಕಬ್ಬಿಣ ಏನಾಗುತ್ತದೆಂದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಮುರುಗೇಶ ಬಂದು ತಳದ ಮೇಲೆ ಅಂಗೈ ಆಡಿಸಿದ. "ಎಲ್ಲಾ ತಾಮ್ರದ್ದೇ ತಾನೇ ಅಣ್ಣ?"

"ಹೂಂ," ಅಂದೆ.

ಮೂರು ವರ್ಷ ಆ ದೋಣಿ ನಿಮ್ಮ ಮನೆ ನಡೆಸಿತು. ಆಮೇಲಿನ ಮಳೆಗಾಲದಲ್ಲಿ ಅವನಿಗೂ ಸೆಲ್ವಿಗೂ ಏನೋ ಜಗಳ. ಗಂಡ ಹೆಂಡಿರ ನಡುವಿನ ಸಾಧಾರಣ ಜಗಳ. ಅವನು ಚೀಲಕ್ಕೆ ಎರಡು ಬಟ್ಟೆ ತುಂಬಿಕೊಂಡು, "ಸೇಲಂಗೆ ಅಕ್ಕನ ಮನೆಗೆ ಹೋಗ್ಬಿಡ್ತೀನಿ, ನೀನೇ ಇರು ಇಲ್ಲಿ" ಅಂತ ಹೊರಟ. ಓಣಿಯವರೆಲ್ಲ ಕೇಳಿಸಿಕೊಂಡರು. ನಾಲ್ಕು ದಿನವಾಯಿತು, ಹತ್ತು ದಿನವಾಯಿತು, ಬರಲಿಲ್ಲ. ಸೇಲಂಗೂ ಹೋಗಿರಲಿಲ್ಲ. ನಾನೇ ಸೆಲ್ವಿಯನ್ನು ಠಾಣೆಗೆ ಕರೆದುಕೊಂಡು ಹೋಗಿ ಕಾಣೆಯಾಗಿದ್ದಾನೆಂದು ಬರೆಸಿದೆ. ಹಿನ್ನೀರಿನ ದಡಕ್ಕೆ ಹೋಗಿ ಹುಡುಕಿದೆವು. ಮಳೆ ಸುರಿಯುತ್ತಿದ್ದ ದಿನಗಳು, ಉಳಿದ ಮೀನುಗಾರರು ಊರಿಗೆ ಹೋಗಿದ್ದರು, ಅವನನ್ನು ಕಂಡವರಿಲ್ಲ. ಗುಡಿಸಲು ಖಾಲಿ. ದೋಣಿಯೂ ಇಲ್ಲ.

ದೋಣಿ ಇಲ್ಲದ್ದೇ ಜನರಿಗೆ ಸಾಕಾಯಿತು. ದೋಣಿ ಮಾರಿಕೊಂಡು ಓಡಿಹೋದ ಅಂದರು. ತರೀಕೆರೆಯಲ್ಲಿ ಯಾವಳದೋ ಜೊತೆ ನೋಡಿದೆ ಅಂತ ಒಬ್ಬ ಹೇಳಿದ. ಮಾರನೇ ವಾರಕ್ಕೆ ನೋಡಿದವರು ಮೂರು ಜನ ಆದರು. ಆಗ ನಿನಗೆ ಏಳು ವರ್ಷ.

ಮುಂದಿನ ಏಪ್ರಿಲ್‌ನಲ್ಲಿ ಹಿನ್ನೀರು ತುಂಬ ಇಳಿಯಿತು. ನನಗೆ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಏನು ಕೊರೆಯುತ್ತಿತ್ತೆಂದು ಈಗ ನಿನಗೂ ಗೊತ್ತು. ಒಬ್ಬನೇ ಹೋದೆ. ಎಷ್ಟೋ ಹಿಂದೆ ಮುಳುಗಿದ್ದ ಕಾಡಿನ ಮರದ ಬೊಡ್ಡೆಗಳು ಕೆಸರಿನಿಂದ ಮೇಲೆದ್ದು ನಿಂತಿದ್ದವು, ಸಾವಿರಾರು, ಕಪ್ಪಗೆ. ಮಧ್ಯಾಹ್ನದ ಬಿಸಿಲು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಆ ಬೊಡ್ಡೆಗಳ ನಡುವೆ ಮೂರು ಗಂಟೆ ನಡೆದ ಮೇಲೆ ಒಂದು ಕೊರಕಲಿನಲ್ಲಿ ಅದು ಬೋರಲಾಗಿ ಬಿದ್ದಿತ್ತು. ನನ್ನ ಕೈಕೆಲಸ ನನಗೆ ಇಪ್ಪತ್ತು ಮಾರು ದೂರದಿಂದಲೇ ಗೊತ್ತಾಯಿತು. ಕೂಡಿಕೆ ಎರಡು ಬೆರಳು ಅಗಲಕ್ಕೆ ಬಾಯಿ ತೆರೆದಿತ್ತು. ಮೊಳೆಗಳಿದ್ದ ಕಡೆ ಕೆಂಪು ತೂತುಗಳು.

ಪಕ್ಕದಲ್ಲಿ, ಒಂದು ಬೊಡ್ಡೆಗೆ ಬಲೆ ಸುತ್ತಿಕೊಂಡಿತ್ತು. ಬಲೆಯ ಉಳಿದ ಭಾಗ ಕೆಸರೊಳಗೆ ಹೋಗಿತ್ತು. ಬಲೆಯಲ್ಲಿ ನೀಲಿ ಚೌಕಳಿ ಬಟ್ಟೆಯ ಒಂದು ಚೂರು — ಅವನ ಲುಂಗಿ. ಅದರ ಕೆಳಗೆ ಏನಿತ್ತೋ ಅದು ಭಾರವಾಗಿ, ಸ್ವಲ್ಪ ಉಬ್ಬಿಕೊಂಡು… ಕಲಾ, ನಾನು ಎಳೆಯಲಿಲ್ಲ. ಎಳೆದು ನೋಡಬೇಕಿತ್ತು. ನಾನು ಬಲೆಗೆ ಬೆನ್ನು ಹಾಕಿ ದೋಣಿಯ ಹತ್ತಿರ ಹೋದೆ.

ಮಾರನೇ ದಿನ ಉಳಿ, ಸುತ್ತಿಗೆ ತೆಗೆದುಕೊಂಡು ಬಂದು ದೋಣಿಯನ್ನು ಬಿಚ್ಚಿದೆ. ಹಲಗೆಗಳನ್ನು ದಡಕ್ಕೆ ಹೊತ್ತು, ಹಳೆ ಮರ ಕೊಂಡಿದ್ದೇನೆ ಅಂತ ಹೇಳಿ ಒಂದು ಲಗೇಜ್ ಆಟೋದಲ್ಲಿ ಮನೆಗೆ ತಂದೆ. ಜೂನ್‌ನಲ್ಲಿ ಮಳೆ ಬಂತು. ಆ ಕೊರಕಲು ಮತ್ತೆ ತುಂಬಿತು.

ನನ್ನ ಹೆಂಡತಿ ಗಿರಿಜಾ ಹಿತ್ತಿಲಿಗೆ ಬಂದು ನೋಡಿದಳು. "ಇಷ್ಟೊಂದು ಹಳೆ ಹಲಗೆ ಯಾಕೆ ಬೇಕಿತ್ತು?"

"ದೋಣಿ ಮಾಡ್ತೀನಿ." ಬಾಯಿಗೆ ಬಂದದ್ದು ಅದು. ಆ ಒಂದು ಮಾತಿಗಾಗಿ ನಾನು ನಿಜವಾಗಿಯೂ ದೋಣಿ ಮಾಡಬೇಕಾಯಿತು.

ಬಾಯಿ ಬಿಟ್ಟಿದ್ದ ತಳದ ಹಲಗೆಯನ್ನು ಮಾತ್ರ ತುಂಡು ಮಾಡಿ ಬಚ್ಚಲೊಲೆಗೆ ಹಾಕಿದೆ. ಅದು ಉರಿಯಲಿಲ್ಲ. ಸುಡು ಬಿಸಿಲಿನಲ್ಲಿ ಹದಿನೈದು ದಿನ ಒಣಗಿಸಿದ್ದ ಮರ — ತುದಿಗಳಿಂದ ಸುಯ್ ಅಂತ ನೀರು ಒಸರುತ್ತಲೇ ಇತ್ತು, ಒಲೆಯ ಬೂದಿಯೆಲ್ಲ ಒದ್ದೆಯಾಯಿತು. ಮೂರು ದಿನ ಹಿಡಿಯಿತು ಅದು ಮುಗಿಯುವುದಕ್ಕೆ. ಆ ಮೂರು ದಿನವೂ ಗಿರಿಜಾ, "ಸ್ನಾನದ ನೀರು ಕೆಸರಿನ ವಾಸನೆ ಬರ್ತಿದೆ ಕಣ್ರೀ, ತಲೆಗೂದಲಿಂದ ಹೋಗ್ತಾನೇ ಇಲ್ಲ" ಅನ್ನುತ್ತಿದ್ದಳು.

ಉಳಿದ ಹಲಗೆಗಳಿಂದ ಚಿಕ್ಕದೊಂದು ದೋಣಿ ಕಟ್ಟಿದೆ. ಈ ಸಲ ಒಂದೇ ಒಂದು ಕಬ್ಬಿಣದ ಮೊಳೆ ಹೊಡೆಯಲಿಲ್ಲ. ಒಳಗಿನಿಂದ ಹಿಡಿಯುವವರಿಲ್ಲದೆ, ಪ್ರತಿ ಮೊಳೆಗೂ ನಾನೇ ಹೊರಗೆ ಹೊಡೆದು, ಬಗ್ಗಿ ಒಳಗೆ ಹೋಗಿ ತುದಿ ಮಡಚಿ, ಮತ್ತೆ ಹೊರಗೆ ಬರಬೇಕಿತ್ತು. ಒಂದು ಮಧ್ಯಾಹ್ನ ಗಿರಿಜಾ ಒಳಗೆ ಮಲಗಿದ್ದಳು, ಓಣಿಯೆಲ್ಲ ನಿಶ್ಶಬ್ದ. ನಾನು ಒಂದು ಮೊಳೆ ಹೊಡೆದು ಸುತ್ತಿಗೆ ಕೆಳಗಿಟ್ಟೆ.

ಟಕ್, ಟಕ್.

ಮರ ಒಣಗುವಾಗ ಬಿರಿಯುತ್ತದೆ, ಸದ್ದು ಬರುತ್ತದೆ. ನಲವತ್ತು ವರ್ಷ ಮರದ ಜೊತೆ ಬದುಕಿದವನು ನಾನು, ನನಗೆ ಗೊತ್ತು. ಇನ್ನೊಂದು ಮೊಳೆ ಹೊಡೆದೆ. ಟಕ್, ಟಕ್. ಮೂರನೆಯದಕ್ಕೂ. ಬಗ್ಗಿ ಒಳಗೆ ನೋಡಿದೆ. ಯಾರೂ ಇಲ್ಲ. ಮೂರು ಮೊಳೆಯ ತುದಿಗಳೂ ಮಡಚಿದ್ದವು. ನಾನೇ ಮೊದಲು ಮಡಚಿ ಮರೆತಿದ್ದೆನೋ — ಮರೆತಿರಬೇಕು. ಹಾಗಂತಲೇ ಈವರೆಗೂ ಹೇಳಿಕೊಂಡು ಬಂದಿದ್ದೇನೆ.

ಆ ವಾರವೇ ನಿನ್ನ ಅಮ್ಮ ನಿನ್ನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ತರೀಕೆರೆಗೆ ಹೋಗಿ ಒಂದು ಸಲ ವಿಚಾರಿಸಿಕೊಂಡು ಬನ್ನಿ ಅಣ್ಣಾ ಅಂತ ಕೇಳುವುದಕ್ಕೆ. ಮಾತಾಡುತ್ತಲೇ ದೋಣಿಯ ಮೇಲೆ ಕೈಯಿಟ್ಟಳು, ಹಾಗೇ ಸವರಿದಳು. ನೀನು ಆಡುತ್ತಾ ಬೋರಲು ದೋಣಿಯ ಕೆಳಗೆ ನುಸುಳಿಹೋದೆ. ನಿನಗೆ ನೆನಪಿದೆಯೋ ಇಲ್ಲವೋ. ಸ್ವಲ್ಪ ಹೊತ್ತಿಗೆ ಒಳಗೆ ನೀನು ಸಣ್ಣ ದನಿಯಲ್ಲಿ ಮಾತಾಡುವುದು ಕೇಳಿಸಿತು. ನಡುನಡುವೆ ಸುಮ್ಮನಾಗಿ, ಆಮೇಲೆ ಉತ್ತರ ಕೊಡುವವರ ಹಾಗೆ.

"ಏನೇ ಅದು, ಹೊರಗೆ ಬಾ," ಅಂದಳು ಸೆಲ್ವಿ.

ನೀನು ತಲೆ ಮಾತ್ರ ಹೊರಗೆ ಹಾಕಿದೆ. "ಒಳಗೆ ತಣ್ಣಗಿದೆ ಮಾಮಾ. ಅಪ್ಪನ ವಾಸನೆ ಬರ್ತಿದೆ."

ಸೆಲ್ವಿ ನಗಲು ಹೋಗಿ ಅತ್ತಳು. "ಅವಳಿಗೆ ಎಲ್ಲಾ ಕಡೆನೂ ಹಂಗೇ ಅಣ್ಣಾ, ಬೇಜಾರು ಮಾಡ್ಕೋಬೇಡಿ" ಅಂದಳು — ನನಗೆ. ನಾನು ತರೀಕೆರೆಗೆ ಹೋಗಿಬರುತ್ತೇನೆ ಅಂತ ಮಾತು ಕೊಟ್ಟೆ. ಹೋಗಿಯೂ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು, ಎರಡು ಗಂಟೆ ಕೂತು, ವಾಪಸ್ಸು ಬಂದು, "ಅಲ್ಲಿ ಇದ್ದನಂತೆ, ಈಗ ಎಲ್ಲೋ ಹೋದನಂತೆ" ಅಂತ ಹೇಳಿದೆ. ಕಲಾ, ಜನ ಆಡಿಕೊಂಡ ಸುಳ್ಳಿಗೆ ಹೀಗೆ ಸಾಕ್ಷಿಯಾದವನು ನಾನು.

ದೋಣಿಯನ್ನು ಹಿನ್ನೀರಿಗೆ ಒಯ್ದು ಒಂದೇ ಸಲ ಕೂತೆ. ಹುಟ್ಟು ಯಾವ ಕಡೆ ಹಾಕಿದರೂ ಅದು ಎಡಕ್ಕೆ ತಿರುಗಿತು. ಎಡಕ್ಕೆ ಇದ್ದದ್ದು ಆ ಕೊರಕಲು. ಹೇಗೋ ದಡ ಸೇರಿ, ಯಾರಾದರೂ ಬಳಸಿಕೊಳ್ಳಿ ಅಂತ ಮೀನುಗಾರರಿಗೆ ಬಿಟ್ಟು ಬಂದೆ. ಎಡಕ್ಕೆ ಎಳೆಯುತ್ತದೆ ಅಂತ ಅವರೂ ಅದನ್ನು ಹೆಚ್ಚು ಮುಟ್ಟಲಿಲ್ಲ.

ಆಮೇಲೆ ನೀನು ಬೆಳೆದೆ. ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಕೂತು, "ಆ ಮನುಷ್ಯನ ಹೆಸರು ನನ್ನ ಮುಂದೆ ಎತ್ತಬೇಡಿ ಮಾಮಾ" ಅಂದೆ. ನಾನು ನಿನ್ನ ಮುಂದೆ ಬಿಸ್ಕತ್ತಿನ ತಟ್ಟೆ ಸರಿಸಿದೆ. ಎಂ.ಎಸ್ಸಿ. ಓದಲು ಎರಡು ವರ್ಷ ದಿನಾ ಶಂಕರಘಟ್ಟಕ್ಕೆ ಬಸ್ಸಿನಲ್ಲಿ ಓಡಾಡಿದೆ. ನೀನು ಬಸ್ಸಿಳಿಯುತ್ತಿದ್ದ ಜಾಗದಿಂದ ನಿನ್ನ ಅಪ್ಪ ಇದ್ದ ನೀರು ದೂರವಿರಲಿಲ್ಲ. ಪ್ರತಿದಿನ ಬೆಳಿಗ್ಗೆ ನಿನ್ನ ಬಸ್ಸಿನ ಹೊತ್ತಿಗೆ ನಾನು ಅದನ್ನೇ ಯೋಚಿಸುತ್ತಿದ್ದೆ. ಯೋಚಿಸಿ ಪೇಪರ್ ಓದುತ್ತಿದ್ದೆ.

ಈ ವರ್ಷ ನೀನು ಲಗ್ನಪತ್ರಿಕೆ ಹಿಡಿದುಕೊಂಡು ಬಂದೆ. ಅದರಲ್ಲಿ ಅಪ್ಪನ ಹೆಸರಿರಲಿಲ್ಲ. ನನಗೂ ಗಿರಿಜಾಗೂ ಕಾಲಿಗೆ ನಮಸ್ಕಾರ ಮಾಡಿ, "ಅಪ್ಪನ ಜಾಗದಲ್ಲಿ ನೀವೇ ನಿಂತ್ಕೊಂಡು ಧಾರೆ ಎರೀಬೇಕು ಮಾಮಾ" ಅಂದೆ.

ಆಗ ನನಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಮಾರನೇ ದಿನ ನೀನು ಶಿವಮೊಗ್ಗಕ್ಕೆ ಕೆಲಸಕ್ಕೆ ಹೋದ ಮೇಲೆ ನಿಮ್ಮ ಮನೆಗೆ ಹೋದೆ. ಸೆಲ್ವಿ ತಾಂಬೂಲಕ್ಕೆ ಅಡಿಕೆ ಆರಿಸುತ್ತಿದ್ದಳು. ದೋಣಿ ಸಿಕ್ಕಿದ್ದನ್ನು, ಬಲೆಯನ್ನು, ಲುಂಗಿಯನ್ನು, ತರೀಕೆರೆಯ ಸುಳ್ಳನ್ನು ಹೇಳಿದೆ. ಅವಳ ಕೈ ಅಡಿಕೆ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅವರ ಮುಖ ನೋಡಿದ್ರಾ?"

"ಇಲ್ಲ ತಂಗಿ."

"ನೋಡ್ಬೇಕಿತ್ತು. ಯಾರಾದ್ರೂ ಒಬ್ರು ನೋಡ್ಬೇಕಿತ್ತು."

ನಾನು ಏಳುವಾಗ ಅಂದಳು: "ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ರಲ್ಲ, ಇನ್ನು ಹನ್ನೆರಡು ದಿನ ಮುಚ್ಕೊಂಡಿರಿ. ನನ್ನ ಮಗಳ ಮದುವೇಲಿ ನಾನು ಕುಂಕುಮ ಇಟ್ಕೊಂಡೇ ನಿಲ್ಬೇಕು. ನೀವೂ ಬಂದು ನಿಲ್ಬೇಕು. ನಿಮಗೆ ಅದೇ ಶಿಕ್ಷೆ ಅಂದ್ಕೊಳ್ಳಿ."

ಆದ್ದರಿಂದ ನಿಂತೆ. ಶಿವಮೊಗ್ಗದ ಆ ಕಲ್ಯಾಣ ಮಂಟಪದಲ್ಲಿ, ಅಷ್ಟು ಜನರ, ಅಷ್ಟು ಹೂವಿನ ನಡುವೆ, ನಿಮ್ಮಿಬ್ಬರ ಕೈಮೇಲೆ ನೀರು ಹೊಯ್ಯುವಾಗ ಕೆಸರಿನ ವಾಸನೆ ಬಂತು. ಮನಸ್ಸಿನ ಭ್ರಮೆ ಇರಬಹುದು. ಆದರೆ ನೀನು ಥಟ್ಟನೆ ತಲೆಯೆತ್ತಿ ನನ್ನ ಮುಖ ನೋಡಿದೆ. ಯಾಕೆ ನೋಡಿದೆ ಕಲಾ? ಕೇಳುವ ಧೈರ್ಯ ನನಗೆ ಈಗಲೂ ಇಲ್ಲ.

ಮದುವೆಯಾಗಿ ಎಂಟನೇ ದಿನಕ್ಕೆ ಸೆಲ್ವಿ, "ಅಲ್ಲಿಗೆ ಕರ್ಕೊಂಡು ಹೋಗಿ" ಅಂದಳು. ದಡದಲ್ಲಿ ಆವತ್ತು ಇದ್ದದ್ದು ನಾನು ಬಿಟ್ಟುಬಂದಿದ್ದ ಆ ಚಿಕ್ಕ ದೋಣಿಯೊಂದೇ. ವಯಸ್ಸಾದ ಒಬ್ಬ ಮೀನುಗಾರ ಹುಟ್ಟು ಹಾಕಿದ. ನಾನು ದಾರಿ ತೋರಿಸಲಿಲ್ಲ, ತೋರಿಸುವ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ಹನ್ನೊಂದರ ಬಿಸಿಲು, ಗಾಳಿ ಜೋರಾಗಿತ್ತು. ಕೊರಕಲಿನ ಮೇಲೆ ಬಂದಾಗ ಸುತ್ತ ಎಲ್ಲ ಕಡೆ ಅಲೆ ಏಳುತ್ತಿತ್ತು, ನಮ್ಮ ಸುತ್ತ ಮಾತ್ರ ನೀರು ಎಣ್ಣೆಯ ಹಾಗೆ ನಿಂತಿತ್ತು. ದೋಣಿ ಅಲುಗಾಡಲಿಲ್ಲ. ಮೀನುಗಾರ ಹುಟ್ಟು ಮೇಲೆತ್ತಿ ಹಿಡಿದು, ನಮ್ಮಿಬ್ಬರನ್ನೂ ನೋಡಿ, ಮುಖ ತಿರುಗಿಸಿಕೊಂಡ.

ಸೆಲ್ವಿ ಬಾಗಿ ನೀರಿಗೆ ಕೈ ಇಳಿಬಿಟ್ಟಳು. "ಏಂಗ," ಅಂತ ಕರೆದಳು, ಮನೆಯಲ್ಲಿ ಅವನನ್ನು ಕರೆಯುತ್ತಿದ್ದ ಹಾಗೆ. ಆಮೇಲೆ ತಮಿಳಿನಲ್ಲಿ ಮೆಲ್ಲಗೆ ಹೇಳಿದಳು: ಮಗಳ ಮದುವೆ ಆಯಿತು, ಹುಡುಗ ಒಳ್ಳೆಯವನು, ಊಟ ಚೆನ್ನಾಗಿತ್ತು ಅಂತ. ಊಟಕ್ಕೆ ಏನೇನು ಮಾಡಿಸಿದ್ದರೆಂದು ಒಂದೊಂದನ್ನೂ ಹೇಳಿದಳು.

ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು. "ದೋಣಿ ಯಾಕೆ ಒಡೀತು ಅಣ್ಣಾ? ಅವರಿಗೆ ನೀರು ಗೊತ್ತಿತ್ತು."

ಬೊಡ್ಡೆಗೆ ತಾಗಿರಬೇಕು ಅನ್ನಬಹುದಿತ್ತು. ಗಾಳಿ ಅನ್ನಬಹುದಿತ್ತು. ನಿಮ್ಮ ಮನೆಯಲ್ಲಿ ಕೂತು ಎಲ್ಲ ಹೇಳಿದ ದಿನ ಇದೊಂದನ್ನು ಹೇಳದೆ ಉಳಿಸಿಕೊಂಡಿದ್ದೆ. ಅಷ್ಟರಲ್ಲಿ ಅವಳ ಪಾದದ ಹತ್ತಿರ ನೀರು ಕಂಡಿತು. ಒಂದು ಸಂದಿಯೂ ಇಲ್ಲದ, ಇಡಿಯಾದ ಹಲಗೆಯ ಮೇಲೆ ನೀರು ಬೆವರಿನ ಹಾಗೆ ಒಸರಿ, ಹನಿಗೂಡಿ, ಅವಳ ಕಾಲುಂಗುರ ಮುಚ್ಚುವಷ್ಟಾಯಿತು. ಮೀನುಗಾರ ಮಗ್ಗಿನಲ್ಲಿ ಎತ್ತಿ ಹೊರಗೆ ಚೆಲ್ಲತೊಡಗಿದ. ನಾನು ಇಪ್ಪತ್ತು ಮೊಳೆಯ ವಿಷಯ ಹೇಳಿದೆ. ಮುರುಗೇಶ ಕೇಳಿದ್ದನ್ನೂ, ನಾನು ಹೂಂ ಅಂದದ್ದನ್ನೂ ಹೇಳಿದೆ.

ಸೆಲ್ವಿ ನೀರಿನಿಂದ ಕೈ ತೆಗೆದು, ಸೆರಗಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. ದಡ ಮುಟ್ಟುವವರೆಗೂ ನನಗೆ ಬೆನ್ನು ಹಾಕಿ ಕೂತಿದ್ದಳು. ಇಳಿದ ಮೇಲೆ ಅಂದಳು: "ಕಲಾಗೆ ನೀವೇ ಬರೀರಿ. ಮೊದಲು ನಾನು ಓದ್ತೀನಿ, ಆಮೇಲೆ ಕಳಿಸೋಣ."

ಮನೆಗೆ ಬಂದು ಗಿರಿಜಾಗೂ ಎಲ್ಲ ಹೇಳಿದೆ. ಅವಳು ಈಗ ನನ್ನ ಜೊತೆ ಮಾತಾಡುತ್ತಿಲ್ಲ. ಊಟ ಬಡಿಸಿ ಒಳಗೆ ಹೋಗುತ್ತಾಳೆ. ನೀನೂ ಮಾತಾಡಬೇಕಾಗಿಲ್ಲ. ಕ್ಷಮಿಸು ಅಂತ ಕೇಳುವುದಿಲ್ಲ ಕಲಾ. ಕೇಳಿದರೆ ಅದರ ಭಾರವೂ ನಿನ್ನ ಮೇಲೆ ಬೀಳುತ್ತದೆ. ನಿನ್ನ ಅಪ್ಪ ಜಗಳ ಮಾಡಿಕೊಂಡು ಹೊರಟರೂ ಹೋದದ್ದು ಕೆಲಸಕ್ಕೆ, ನಿಮಗಾಗಿ ಬಲೆ ಹಾಕಲು. ಅದೊಂದನ್ನು ಮಾತ್ರ ನಂಬು.

ನಾಳೆ ಹತ್ತು ಗಂಟೆಗೆ ಠಾಣೆಗೆ ಹೋಗಿ ಹೇಳಿಕೆ ಕೊಡುತ್ತೇನೆ, ಜಾಗ ತೋರಿಸುತ್ತೇನೆ. ಸೆಲ್ವಿಯೂ ಬರುತ್ತಾಳಂತೆ. ನನ್ನ ಜೊತೆಗಲ್ಲ — ನಾನು ಈ ಸಲವಾದರೂ ಏನನ್ನೂ ಬಿಡದೆ ಹೇಳುತ್ತೇನೋ ಇಲ್ಲವೋ, ಎದುರಿಗೆ ಕೂತು ಕೇಳಿಸಿಕೊಳ್ಳುವುದಕ್ಕೆ.